ಹೊಸ ಎಲೆಕ್ಟ್ರಿಕ್ ಗಿಟಾರಿನ ನೆಕ್ ಸರಿಯಾಗಿ ಕೂತಿದೆಯಾ? ಬಿಚ್ಚುವ ಮೊದಲು ನೋಡಬೇಕಾದದ್ದು

ಗಿಟಾರ್ ಹೊಸದು. ಆದರೂ ಮೊದಲ (ತೀರಾ ತೆಳು) ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರಿ ಹೋಗುತ್ತಿದೆ. ಅಥವಾ 12ನೇ ಫ್ರೆಟ್ (ಬೆರಳಿಡುವ ಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದ ಮೇಲೆ ತಂತಿ ಎಷ್ಟು ಎತ್ತರ ಇದೆ ಅಂದ್ರೆ ಒತ್ತಿ ಒತ್ತಿ ಬೆರಳು ನೋಯುತ್ತದೆ. ಅಥವಾ ಟ್ಯೂನ್ ಮಾಡಿ ಸ್ವಲ್ಪ ಹೊತ್ತು ನುಡಿಸುವಷ್ಟರಲ್ಲಿ ಶ್ರುತಿ ಕೆಡುತ್ತದೆ. ಇಲ್ಲವೇ ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಪಕ್ಕಕ್ಕೆ ಒಂದು ಸಂದು ಕಾಣುತ್ತಿದೆ, ಅದನ್ನು ನೋಡಿದಾಗಿನಿಂದ ನಿದ್ದೆ ಇಲ್ಲ.

ಜನ ಜಾಸ್ತಿ ಹೆದರುವುದು ಈ ಕೊನೆಯದಕ್ಕೆ. ನಿಜ ಹೇಳಬೇಕು ಅಂದ್ರೆ ನಾಲ್ಕರಲ್ಲಿ ಕಡಿಮೆ ತಲೆ ಕೆಡಿಸಿಕೊಳ್ಳಬೇಕಾದದ್ದೂ ಅದೇ. ನೆಕ್ಕಿನ ಬುಡ ಪಾಕೆಟ್ಟಿನ (ಬಾಡಿಯಲ್ಲಿ ನೆಕ್ ಕೂರುವ ಗುಂಡಿ) ತಳಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿದೆಯಾ, ತಂತಿಗಳು ಫ್ರೆಟ್‌ಬೋರ್ಡಿನ ನಡುವೆ ನೆಟ್ಟಗೆ ಹೋಗುತ್ತಿವೆಯಾ, ನೆಕ್ಕಿನ ವಾಲು, ಅಂದರೆ ಬಾಡಿಗೆ ಹೋಲಿಸಿದರೆ ಅದು ಹಿಂದಕ್ಕೆ ಬಾಗಿ ನಿಂತ ಕೋನ, ಸರಿ ಇದೆಯಾ ಅನ್ನುವ ಮೂರು ವಿಷಯ ಸರಿ ಇದ್ದರೆ ಪಕ್ಕದಲ್ಲಿ ಒಂದಿಷ್ಟು ಸಂದು ಇದ್ದರೂ ಗಿಟಾರ್ ಚೆನ್ನಾಗಿಯೇ ನುಡಿಯುತ್ತದೆ. ಪಕ್ಕ ಎಷ್ಟೇ ಬಿಗಿಯಾಗಿದ್ದರೂ ತಳ ಕೂತಿಲ್ಲ ಅಂದರೆ ಮಾತ್ರ ಕಷ್ಟ.

ಇಲ್ಲಿ ಹೇಳುತ್ತಿರುವುದು ಸ್ಟ್ರಾಟೋಕ್ಯಾಸ್ಟರ್, ಟೆಲಿಕ್ಯಾಸ್ಟರ್ ಮಾದರಿಯ ಗಿಟಾರ್ ಬಗ್ಗೆ. ಅಂದರೆ ನೆಕ್ಕನ್ನು ನಾಲ್ಕು ಸ್ಕ್ರೂ ಹಾಕಿ ಬಾಡಿಗೆ ಬಿಗಿದಿರುವಂಥದ್ದು. ಲಿಯೋ ಫೆಂಡರ್ 1950ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಥರದ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅಂಟು ಬಿಟ್ಟು ಸ್ಕ್ರೂ ಹಾಕಿದ್ದೇ ತಯಾರಿಸುವುದೂ ರಿಪೇರಿ ಮಾಡುವುದೂ ಸುಲಭವಾಗಲಿ ಅಂತ. ಹಾಗಾಗಿ ನೆಕ್ ಬಿಚ್ಚುವುದು ದೊಡ್ಡ ಅಪರಾಧವೇನಲ್ಲ. ಆದರೆ ಅದು ಕೊನೆಯ ಹೆಜ್ಜೆ. ಬಿಚ್ಚಿದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲು ತಕರಾರು ಮಾಡಬಹುದು. ಅದಕ್ಕೇ ಮೊದಲು ಬಿಲ್ ತೆಗೆದು ವಾಪಸಾತಿಗೆ ಎಷ್ಟು ದಿನ ಇದೆ ನೋಡಿ. ಮುಂದಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಏನನ್ನೂ ಬಿಚ್ಚಬೇಕಿಲ್ಲ.

ಬೇಕಾಗುವ ಸಾಮಾನು: ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್, ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್), 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಒಂದು ವಿಸಿಟಿಂಗ್ ಕಾರ್ಡ್, ಅಂಗಡಿ ಬಿಲ್ಲಿನ ತೆಳು ಕಾಗದ, ಮೊಬೈಲ್ ಟಾರ್ಚ್. ಸಂದು ಅಳೆಯುವ ತೆಳು ಲೋಹದ ಪಟ್ಟಿಗಳ ಫೀಲರ್ ಗೇಜ್ ಇದ್ದರೆ ಒಳ್ಳೆಯದು. ಬೈಕ್ ಗ್ಯಾರೇಜಿಗೆ ಬೇಕಾಗುವ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ.

ಮೊದಲು ಟ್ಯೂನ್ ಮಾಡಿ, ಆಮೇಲೆ ನೋಡಿ

ಕೊರಿಯರಿನಲ್ಲಿ ಬಂದ ಗಿಟಾರನ್ನು ಡಬ್ಬಿಯಿಂದ ತೆಗೆದ ತಕ್ಷಣ ಅಳೆಯಬೇಡಿ. ಒಂದು ದಿನ ಮನೆಯ ಗಾಳಿಗೆ ಹೊಂದಿಕೊಳ್ಳಲಿ. ಆಮೇಲೆ ಆರೂ ತಂತಿಗಳನ್ನು ಪೂರ್ತಿ ಶ್ರುತಿಗೆ ತನ್ನಿ. ತಂತಿ ಸಡಿಲ ಇದ್ದಾಗ ತೆಗೆದ ಅಳತೆಗೆ ಬೆಲೆಯೇ ಇಲ್ಲ. ತೆಳು ತಂತಿಗಳ 9ರ ಸೆಟ್ (ಮೊದಲ ತಂತಿ 0.009 ಇಂಚು ದಪ್ಪ) ಹಾಕಿದ್ದರೂ ಆರು ತಂತಿ ಸೇರಿ ನೆಕ್ಕನ್ನು ಹತ್ತಿರ ಹತ್ತಿರ 40 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ. ಆ ಎಳೆತ ಇದ್ದಾಗ ನೆಕ್ ಎಲ್ಲಿ ನಿಲ್ಲುತ್ತದೆ ಅನ್ನುವುದೇ ನಮಗೆ ಬೇಕಾದದ್ದು.

ಈಗ ನೆಕ್ಕಿನ ಬಾಗು ನೋಡಿ. ಇದನ್ನು ಬಿಟ್ಟು ಮುಂದೆ ಹೋದವರು ನೆಕ್ ಕೂತಿಲ್ಲ ಅಂತ ಸುಮ್ನೆ ಬಿಚ್ಚಿ ಹಾಕಿ ಒದ್ದಾಡುತ್ತಾರೆ. 1ನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ. ನೆಕ್ ಬಾಡಿಗೆ ಸೇರುವಲ್ಲಿರುವ ಫ್ರೆಟ್ಟಿನ ಮೇಲೆ ಆರನೇ (ತೀರಾ ದಪ್ಪ) ತಂತಿಯನ್ನು ಒತ್ತಿ. ಈಗ ತಂತಿಯೇ ನೆಟ್ಟಗಿನ ಪಟ್ಟಿ. 7 ಅಥವಾ 8ನೇ ಫ್ರೆಟ್ಟಿನ ತಲೆಗೂ ತಂತಿಯ ಅಡಿಗೂ 0.25 ಮಿ.ಮೀ. ಆಸುಪಾಸು ಬೆಳಕು ಕಂಡರೆ ಸರಿ. ವಿಸಿಟಿಂಗ್ ಕಾರ್ಡ್ ಹೆಚ್ಚುಕಡಿಮೆ 0.3 ಮಿ.ಮೀ. ಇರುತ್ತದೆ, ಅದನ್ನೇ ತೂರಿಸಿ ನೋಡಬಹುದು. ಸಂದು ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಅಥವಾ ತಂತಿ ಫ್ರೆಟ್ಟಿಗೆ ಅಂಟಿಕೊಂಡೇ ಇದ್ದರೆ ಅದು ಟ್ರಸ್ ರಾಡ್ (ನೆಕ್ಕಿನ ಬಾಗು ಹೊಂದಿಸಲು ಒಳಗಿರುವ ಲೋಹದ ಸರಳು) ವಿಷಯ. ಕಾಲು ಸುತ್ತು ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ನೋಡಿ. ಇದು ಸರಿಯಾಗುವವರೆಗೆ ನೆಕ್ಕಿನ ಬುಡದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಮೊದಲ ತಂತಿ ಅಂಚಿಗೆ ಬಂದಿದೆ

ಕೊನೆಯ ಫ್ರೆಟ್ಟಿನ ಹತ್ತಿರ ಸ್ಕೇಲ್ ಅಡ್ಡ ಇಟ್ಟು ಎರಡು ಅಳತೆ ತೆಗೆಯಿರಿ. ಮೊದಲ ತಂತಿಯಿಂದ ಆ ಕಡೆಯ ಅಂಚಿಗೆ ಎಷ್ಟು, ಆರನೇ ತಂತಿಯಿಂದ ಈ ಕಡೆಯ ಅಂಚಿಗೆ ಎಷ್ಟು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕಡೆ 2, ಇನ್ನೊಂದು ಕಡೆ 4 ಮಿ.ಮೀ. ಬಂದರೆ ಏನೋ ಪಕ್ಕಕ್ಕೆ ಸರಿದಿದೆ. ಏನು ಸರಿದಿದೆ ಅನ್ನುವುದು ಮುಂದಿನ ಪ್ರಶ್ನೆ, ಅಲ್ವಾ?

ಈಗ ಅದೇ ಅಳತೆಯನ್ನು 1ನೇ ಫ್ರೆಟ್ಟಿನಲ್ಲೂ ತೆಗೆಯಿರಿ. ಅಲ್ಲೂ ತಂತಿ ಅಷ್ಟೇ ಅಂಚಿಗಿದ್ದರೆ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರುಗಳನ್ನು ಸೊಟ್ಟ ಕೊಯ್ದಿದ್ದಾರೆ, ಅಥವಾ ನಟ್ಟೇ ಜಾರಿದೆ. ನೆಕ್ಕಿನ ತಪ್ಪಲ್ಲ. 1ನೇ ಫ್ರೆಟ್ಟಿನಲ್ಲಿ ಸರಿ ಇದ್ದು ಬಾಡಿಯ ಕಡೆ ಬರುತ್ತಾ ಬರುತ್ತಾ ತಂತಿ ಅಂಚಿಗೆ ವಾಲಿದರೆ ನೆಕ್ ಅಥವಾ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಸರಿದಿದೆ. ಎರಡೂ ಕಡೆಯ ತಂತಿಗಳು ಸಮನಾಗಿ ಅಂಚಿಗೆ ಹತ್ತಿರ ಇದ್ದರೆ ಆ ನೆಕ್ಕಿಗೆ ಬ್ರಿಡ್ಜ್ ಅಗಲ ಆಯಿತು ಅಂತ ಅರ್ಥ. ಹಳೇ ಅಳತೆಯ ಸ್ಟ್ರಾಟ್ ಬ್ರಿಡ್ಜಿನಲ್ಲಿ ಮೊದಲ ತಂತಿಗೂ ಆರನೆಯದಕ್ಕೂ ಸುಮಾರು 56 ಮಿ.ಮೀ. ಅಂತರ, ಈಚಿನ ಹಲವು ಬ್ರಿಡ್ಜ್‌ಗಳಲ್ಲಿ 52ರಿಂದ 53. ಅಂಥ ಕಡೆ ನೆಕ್ಕನ್ನು ಎಷ್ಟು ಸರಿಸಿದರೂ ಒಂದು ತಂತಿ ಸರಿಹೋಗಿ ಇನ್ನೊಂದು ಕೆಡುತ್ತದೆ. ಇನ್ನೂ ಒಂದಿದೆ. ಕೆಲವು ಗಿಟಾರುಗಳಲ್ಲಿ ಫ್ರೆಟ್ಟಿನ ತುದಿಗಳನ್ನು ವಿಪರೀತ ಇಳಿಜಾರಾಗಿ ಅರೆದಿರುತ್ತಾರೆ. ಅಳತೆ ಎಲ್ಲ ಸರಿ ಇದ್ದರೂ ತಂತಿ ಜಾರುತ್ತದೆ. ಅದು ಫ್ರೆಟ್ ಕೆಲಸದ ದೋಷ, ಅದನ್ನು ನೆಕ್ ಸರಿಸಿ ಸರಿಮಾಡಲು ಆಗುವುದಿಲ್ಲ.

ಇಷ್ಟೂ ಅಲ್ಲ ಅಂತಾದರೆ ನೆಕ್ಕೇ ತಿರುಗಿದೆ. ಇದು ಸಾಗಣೆಯಲ್ಲಿ ತುಂಬಾ ಸಲ ಆಗುತ್ತದೆ. ಡಬ್ಬಿ ಮಗುಚಿದಾಗ ನೆಕ್ಕಿನ ತುದಿಯ ತಲೆಗೆ, ಅಂದರೆ ಹೆಡ್‌ಸ್ಟಾಕಿಗೆ ಪೆಟ್ಟು ಬಿದ್ದರೆ ಪಾಕೆಟ್ಟಿನಲ್ಲಿ ಇರುವ ಕೂದಲೆಳೆಯಷ್ಟು ಜಾಗದಲ್ಲೇ ನೆಕ್ ತಿರುಗಿ ನಿಲ್ಲುತ್ತದೆ. ಬುಡದಲ್ಲಿ ಕೂದಲೆಳೆ ಅಂದ್ರೆ ತುದಿಯಲ್ಲಿ ಕೆಲವು ಮಿಲಿಮೀಟರ್.

ಅಕ್ಕನ ಮಗ ಫೋನ್ ಮಾಡಿದ್ದು ಇದೇ ವಿಷಯಕ್ಕೆ. "ಮಾಮಾ, ನೆಕ್ ಸೊಟ್ಟ ಬಂದಿದೆ, ವಾಪಸ್ ಕಳಿಸಿಬಿಡ್ಲಾ?" ಅಂದ. "ತಂತಿ ಬಿಚ್ಚಬೇಡ ಕಣೋ, ಮೊದಲು ಸ್ಕ್ರೂಡ್ರೈವರ್ ತಗೊಂಡು ಬಾ" ಅಂದೆ. ವೀಡಿಯೊ ಕಾಲ್‌ನಲ್ಲಿ ಮಾಡಿಸಿದ್ದು ಇಷ್ಟೇ. ಶ್ರುತಿಯಲ್ಲಿರುವ ಗಿಟಾರನ್ನು ತೊಡೆಯ ಮೇಲೆ ನುಡಿಸುವ ಭಂಗಿಯಲ್ಲೇ ಇಟ್ಟುಕೊಂಡು ಹಿಂದಿನ ನಾಲ್ಕು ಸ್ಕ್ರೂಗಳನ್ನು ತಲಾ ಅರ್ಧ ಸುತ್ತು ಸಡಿಲ ಮಾಡಿದ. ಅರ್ಧಕ್ಕಿಂತ ಜಾಸ್ತಿ ಬೇಡ. ಬಾಡಿಯನ್ನು ಮೊಣಕೈಯಲ್ಲಿ ಅಮುಕಿ ಹಿಡಿದು ಹೆಡ್‌ಸ್ಟಾಕನ್ನು ಮೆಲ್ಲಗೆ ಮೇಲಕ್ಕೆ, ಅಂದರೆ ಆರನೇ ತಂತಿಯ ಕಡೆಗೆ ತಳ್ಳಿದ. "ಟಕ್" ಅಂತ ಒಂದು ಸದ್ದು, ಫೋನಿನಲ್ಲಿ ನನಗೂ ಕೇಳಿಸಿತು. ಮೊದಲ ತಂತಿ ಅಂಚು ಬಿಟ್ಟು ಒಳಗೆ ಬಂದಿತ್ತು. ಹಾಗೇ ಹಿಡಿದುಕೊಂಡು ಸ್ಕ್ರೂ ಬಿಗಿ ಮಾಡಿದ, ಮುಗೀತು.

ಯಾವ ಕಡೆಗೆ ತಳ್ಳಬೇಕು ಅನ್ನುವುದನ್ನು ನೆನಪಿಡಿ. ಮೊದಲ ತಂತಿ ಅಂಚಿಗಿದ್ದರೆ ಹೆಡ್‌ಸ್ಟಾಕ್ ಮೇಲಕ್ಕೆ. ಆರನೇ ತಂತಿ ಅಂಚಿಗಿದ್ದರೆ ನೆಲದ ಕಡೆಗೆ. ಸ್ಕ್ರೂ ಬಿಗಿಯುವಾಗ ಕಾರಿನ ಚಕ್ರದ ನಟ್ ಬಿಗಿದ ಹಾಗೆ ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಡ್ರಿಲ್ ಮೆಷಿನ್ ಹಚ್ಚಿ ಬಿಗಿಯಬೇಡಿ, ಕೈಯಲ್ಲೇ ಸಾಕು. ಮತ್ತೆ ಟ್ಯೂನ್ ಮಾಡಿ ಒಂದು ರಾತ್ರಿ ಬಿಟ್ಟು ಅಳತೆ ನೋಡಿ. ಮತ್ತೆ ಮೊದಲಿನ ಜಾಗಕ್ಕೇ ಹೋಗಿದ್ದರೆ ಸ್ಕ್ರೂ ಹಿಡಿಯುತ್ತಿಲ್ಲ ಅಂತ ಅರ್ಥ.

ಅಲುಗಾಟ ಇದೆಯಾ ಅಂತ ನೋಡುವುದೂ ಇದೇ ಹೊತ್ತಿಗೆ. ಒಂದು ಕೈಯಲ್ಲಿ ಬಾಡಿ, ಇನ್ನೊಂದು ಕೈಯಲ್ಲಿ 3ನೇ ಫ್ರೆಟ್ಟಿನ ಹತ್ತಿರ ನೆಕ್ ಹಿಡಿದು ಪಕ್ಕಕ್ಕೆ ಹಗುರಾಗಿ ಅಲ್ಲಾಡಿಸಿ, ಕಣ್ಣು ಪಾಕೆಟ್ಟಿನ ಅಂಚಿನ ಮೇಲಿರಲಿ. ಮರ ತುಸು ಬಾಗಿ ವಾಪಸ್ ಬರುವುದು ಸಹಜ. ಪಾಕೆಟ್ಟಿನ ಹತ್ತಿರ ಸಂದು ತೆರೆದು ಮುಚ್ಚಿದರೆ, ಅಥವಾ ಕಿರ್ ಅಂತ ಸದ್ದು ಬಂದು ಶ್ರುತಿ ಬದಲಾದರೆ ಸಡಿಲ ಇದೆ.

ಸಂದು: ಪಕ್ಕದ್ದು ಬೇರೆ, ತಳದ್ದು ಬೇರೆ

ಪಕ್ಕದ ಸಂದಿಗೆ ವಿಸಿಟಿಂಗ್ ಕಾರ್ಡ್ ಹಾಕಿ ನೋಡಿ. ಒಂದು ಕಾರ್ಡ್ ಹೋದರೆ ಏನೂ ಚಿಂತೆ ಇಲ್ಲ. ಎರಡು ಹೋದರೂ ನೆಕ್ ಅಲುಗದಿದ್ದರೆ ನಾನು ಗಿಟಾರ್ ಇಟ್ಟುಕೊಳ್ಳುತ್ತೇನೆ. ಮೂರು ನಾಲ್ಕು ಸಲೀಸಾಗಿ ಹೋದರೆ, ಹೊಸದಕ್ಕೆ ದುಡ್ಡು ಕೊಟ್ಟವರು ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ನೆಕ್ ಬಿಗಿಯಾಗಿ ನಿಲ್ಲುವುದು ಸ್ಕ್ರೂಗಳು ಬುಡವನ್ನು ತಳಕ್ಕೆ ಎಳೆದು ಹಿಡಿಯುವುದರಿಂದ. ಪಕ್ಕದ ಗೋಡೆಗಳು ಅದನ್ನು ಹಿಡಿಯುವುದಿಲ್ಲ, ಅತ್ತಿತ್ತ ತಿರುಗದಂತೆ ತಡೆಯುತ್ತವೆ ಅಷ್ಟೇ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬಿ ಪಕ್ಕ ಪೂರ್ತಿ ಮುಚ್ಚಿಕೊಂಡಿರುವ ಗಿಟಾರ್, ಕಲಬುರಗಿ ಕಡೆಯ ಬೇಸಿಗೆಗೆ ಹೋದರೆ ಅಲ್ಲಿ ಸಂದು ಕಾಣಬಹುದು. ಮರ ಇರುವುದೇ ಹಾಗೆ.

ತಳದ ಪರೀಕ್ಷೆ ಬೇರೆ. ಗಿಟಾರನ್ನು ಮಗುಚಿ, ನೆಕ್ಕಿನ ಹಿಂಬದಿ ಪಾಕೆಟ್ಟಿನ ತುಟಿಯನ್ನು ಮುಟ್ಟುವ ಗೆರೆಗೆ ಬಿಲ್ಲಿನ ತೆಳು ಕಾಗದ ತೂರಿಸಿ. ಹೋಗಬಾರದು. ಕಾಗದ ಒಳಗೆ ಜಾರಿದರೆ ನೆಕ್ ತಳಕ್ಕೆ ಕೂತಿಲ್ಲ. ಪಕ್ಕದಿಂದ ಟಾರ್ಚ್ ಬಿಟ್ಟು ಕೂಡ ನೋಡಿ. ತುಟಿಯಲ್ಲಿ ಬಿಗಿ ಇದ್ದು ಒಳಗೆ ಮಧ್ಯದಲ್ಲಿ ಮಾತ್ರ ಬೆಳಕು ಕಂಡರೆ ಕಾರ್ಖಾನೆಯಲ್ಲೇ ಹಿಂತುದಿಗೆ ಒಂದು ಶಿಮ್ (ವಾಲು ಹೊಂದಿಸಲು ಅಡಿಗೆ ಇಡುವ ತೆಳು ತುಂಡು) ಇಟ್ಟಿರಬಹುದು. ಅದು ದೋಷ ಅಲ್ಲ.

ತಳ ಕೂರದಿರಲು ನಾಲ್ಕೈದು ಕಾರಣ ಇರಬಹುದು. ಆದರೆ ಒಂದು ಕಾರಣವನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಯಾರೂ ಊಹಿಸುವುದಿಲ್ಲ. ಬಾಡಿಯಲ್ಲಿರುವ ತೂತಿನಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು. ಅದು ಹಿಡಿಯಬೇಕಾದದ್ದು ನೆಕ್ಕಿನ ಮರವನ್ನು ಮಾತ್ರ. ಆಗ ಸ್ಕ್ರೂ ತಿರುಗಿದಷ್ಟೂ ನೆಕ್ ಬಾಡಿಗೆ ಒತ್ತಿಕೊಳ್ಳುತ್ತಾ ಬರುತ್ತದೆ. ಬಾಡಿಯ ತೂತು ಇಕ್ಕಟ್ಟಾಗಿ ಅಲ್ಲೂ ಸ್ಕ್ರೂವಿನ ಥ್ರೆಡ್ ಕಚ್ಚಿಕೊಂಡರೆ ಎರಡು ಮರವೂ ಒಂದೇ ವೇಗದಲ್ಲಿ ಸ್ಕ್ರೂವಿನ ಮೇಲೆ ಓಡುತ್ತವೆ, ಶುರುವಿನಲ್ಲಿ ನಡುವೆ ಎಷ್ಟು ಸಂದು ಇತ್ತೋ ಅಷ್ಟು ಹಾಗೇ ಉಳಿಯುತ್ತದೆ. ನೀವು ಕೈ ನೋಯುವ ತನಕ ಬಿಗಿದರೂ ಬಿಗಿಯಾದದ್ದು ಸ್ಕ್ರೂ ಮಾತ್ರ, ನೆಕ್ ಅಲ್ಲ.

ಗೆಳೆಯರೊಬ್ಬರ ಗಿಟಾರಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಸ್ಕ್ರೂ ನಾಲ್ಕೂ ಕಲ್ಲಿನಷ್ಟು ಬಿಗಿ, ತುಟಿಯಲ್ಲಿ ಕಾಗದ ಮಾತ್ರ ಆರಾಮಾಗಿ ಒಳಗೆ ಹೋಗುತ್ತಿತ್ತು. ನೆಕ್ ತೆಗೆದ ಮೇಲೆ ಬಾಡಿಯ ಹಿಂದಿನ ಲೋಹದ ಪ್ಲೇಟಿನ ಕಡೆಯಿಂದ ಸ್ಕ್ರೂ ಇಳಿಬಿಟ್ಟರೆ ಅರ್ಧಕ್ಕೇ ನಿಂತಿತು. ತೂತಿನ ಒಳಗೆ ಟಾರ್ಚ್ ಬಿಟ್ಟರೆ ಥ್ರೆಡ್ಡಿನ ಗೆರೆಗಳು ಸುರುಳಿ ಸುರುಳಿಯಾಗಿ ಕಾಣುತ್ತಿದ್ದವು. ಪಾಕೆಟ್ಟಿನ ತಳದಲ್ಲಿ, ತೂತಿನ ಸುತ್ತ, ಮರ ಮೇಲೆದ್ದು ಸಣ್ಣ ದಿಬ್ಬವೂ ಆಗಿತ್ತು. ಜೊತೆಗೆ ಮೂಲೆಯಲ್ಲಿ ಬಣ್ಣದ ಒಂದು ಹನಿ ಒಣಗಿ ಗಟ್ಟಿಯಾಗಿ ಕೂತಿತ್ತು. ನೆಕ್ಕಿನ ಬುಡದ ಮೇಲೂ ಅದೇ ಜಾಗದಲ್ಲಿ ಹೊಳೆಯುವ ಒಂದು ಚುಕ್ಕಿ. ಅಷ್ಟು ದಿನವೂ ನೆಕ್ ಆ ಹನಿಯ ಮೇಲೆ ನಿಂತಿತ್ತು.

ಬಿಚ್ಚದೆ ಮೊದಲು ಮಾಡಬಹುದಾದದ್ದು ಮೇಲೆ ಹೇಳಿದ ಅರ್ಧ ಸುತ್ತಿನ ಉಪಾಯವೇ. ತಂತಿಗಳು ಶ್ರುತಿಯಲ್ಲಿದ್ದಾಗ ಸ್ಕ್ರೂ ತುಸು ಸಡಿಲಿಸಿದರೆ ತಂತಿಯ ಎಳೆತವೇ ನೆಕ್ಕನ್ನು ಪಾಕೆಟ್ಟಿನೊಳಗೆ, ಬ್ರಿಡ್ಜಿನ ಕಡೆಗೆ ಎಳೆದು ಕೂರಿಸುತ್ತದೆ. ಆಮೇಲೆ ಕೈಯಲ್ಲಿ ನೆಕ್ಕನ್ನು ತಳಕ್ಕೆ ಒತ್ತಿ ಹಿಡಿದು ಬಿಗಿಯಿರಿ. ಕಾಗದ ಇನ್ನೂ ಹೋಗುತ್ತಿದ್ದರೆ, ವಾಪಸಾತಿಯ ದಿನ ಇನ್ನೂ ಇದ್ದರೆ, ಫೋಟೊ ತೆಗೆದು ವಾಪಸ್ ಕಳಿಸಿ. ದಿನ ಮುಗಿದಿದ್ದರೆ ಅಥವಾ ಗಿಟಾರ್ ಇಷ್ಟವಾಗಿ ಇಟ್ಟುಕೊಳ್ಳುವುದೇ ಅಂತಿದ್ದರೆ ಮುಂದೆ ಓದಿ.

ತಂತಿ ಪೂರ್ತಿ ಸಡಿಲ ಮಾಡಿ, 1ನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ. ತಂತಿ ಕೆದರುವುದಿಲ್ಲ. ಸ್ಕ್ರೂ ಬಿಚ್ಚುವಾಗ ಯಾವುದು ಯಾವ ಮೂಲೆಯದು ಅಂತ ಕಾರ್ಡಿನಲ್ಲಿ ಚುಚ್ಚಿ ಇಟ್ಟುಕೊಳ್ಳಿ. ಪಾಕೆಟ್ಟಿನಲ್ಲಿ ಮರದ ಪುಡಿ, ಸ್ಟಿಕರ್, ಬಣ್ಣದ ಹನಿ ಏನಿದ್ದರೂ ತೆಗೆಯಿರಿ. ಬಣ್ಣವನ್ನು ಚೂಪು ಉಳಿಯಿಂದ ಮೆಲ್ಲಗೆ ಕೆರೆಯಿರಿ. ಮರಳು ಕಾಗದ ಹಾಕಿ ಇಡೀ ತಳ ಉಜ್ಜಬೇಡಿ, ಅಂಚು ಉರುಟಾಗಿ ಇರುವ ಸಮತಟ್ಟೂ ಹೋಗುತ್ತದೆ. ಬಾಡಿಯ ತೂತಿನಲ್ಲಿ ಸ್ಕ್ರೂ ಕಚ್ಚುತ್ತಿದ್ದರೆ ತೂತು ಅಗಲ ಮಾಡಬೇಕು. ಈ ಗಿಟಾರುಗಳಲ್ಲಿ ಸಾಮಾನ್ಯವಾಗಿ ಇರುವ 8ನೇ ನಂಬರ್ ಸ್ಕ್ರೂ ಸುಮಾರು 4.2 ಮಿ.ಮೀ. ದಪ್ಪ, 4.5 ಮಿ.ಮೀ. ಬಿಟ್ ಸಾಕು. ತೂತಿನ ಬಾಯಿಗೆ ಬಣ್ಣ ಇದ್ದರೆ ಡ್ರಿಲ್ಲನ್ನು ಮೊದಲು ಹಿಮ್ಮುಖ ತಿರುಗಿಸಿ ಬಣ್ಣದ ಪದರ ಸವೆಸಿ, ಆಮೇಲೆ ಮುಮ್ಮುಖ. ಇಲ್ಲದಿದ್ದರೆ ಬಣ್ಣ ಚಕ್ಕೆ ಎದ್ದು ಹಾರುತ್ತದೆ. ಹಿಂದೆ ಒಂದು ಮರದ ತುಂಡು ಒತ್ತಿಟ್ಟುಕೊಳ್ಳಿ. ನಿಮಗೆ ಧೈರ್ಯ ಸಾಲದಿದ್ದರೆ ಗಿಟಾರ್ ರಿಪೇರಿಯವರ ಹತ್ತಿರ ಹೋಗಿ, ಅವರಿಗೆ ಇದು ಚಿಕ್ಕ ಕೆಲಸ.

ಸ್ಕ್ರೂ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ ಅಂದರೆ ನೆಕ್ಕಿನ ತೂತಿನ ಮರ ಕಿತ್ತುಹೋಗಿದೆ. ಊದುಬತ್ತಿಯ ಬಿದಿರು ಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬುವವರಿದ್ದಾರೆ. ಸದ್ಯಕ್ಕೆ ಹಿಡಿಯುತ್ತದೆ, ಆದರೆ 40 ಕೆ.ಜಿ. ಎಳೆತಕ್ಕೆ ನಾನು ಅದನ್ನು ನಂಬುವುದಿಲ್ಲ. ಗಟ್ಟಿ ಮರದ ಗೂಟ ಅಂಟಿಸಿ, ಒಣಗಿದ ಮೇಲೆ 3.2 ಮಿ.ಮೀ. ತೂತು ಕೊರೆದು ಹಾಕುವುದೇ ಸರಿ. ಸ್ಕ್ರೂವಿನ ಥ್ರೆಡ್ಡಿಗೆ ಸ್ವಲ್ಪ ಮೇಣ ಉಜ್ಜಿ, ಗಟ್ಟಿ ಮೇಪಲ್ ಮರದಲ್ಲಿ ತಲೆ ಮುರಿಯದೆ ಇಳಿಯುತ್ತದೆ.

ವಾಲು ಸರಿ ಇದೆಯಾ

ಇದಕ್ಕೆ ಬ್ರಿಡ್ಜಿನಲ್ಲಿ ತಂತಿಗಳನ್ನು ಹೊತ್ತಿರುವ ಸಣ್ಣ ತುಂಡುಗಳು, ಅಂದರೆ ಸ್ಯಾಡಲ್‌ಗಳೇ ಸಾಕ್ಷಿ. 17ನೇ ಫ್ರೆಟ್ಟಿನ ಮೇಲೆ ತಂತಿಯ ಅಡಿಗೆ 1.6 ಮಿ.ಮೀ. ಇಡುವುದು ಸ್ಟ್ರಾಟ್ ಮಾದರಿಗೆ ಸಾಮಾನ್ಯ ಅಳತೆ. ಅಲ್ಲಿಗೆ ತರಲು ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿ ಅವು ಬ್ರಿಡ್ಜಿನ ತಳಕ್ಕೆ ತಾಗಿದರೂ ತಂತಿ ಇನ್ನೂ ಎತ್ತರವೇ ಇದ್ದರೆ ನೆಕ್ಕನ್ನು ಹಿಂದಕ್ಕೆ ವಾಲಿಸಬೇಕು. ಸ್ಯಾಡಲ್ ಪೂರ್ತಿ ಏರಿಸಿದರೂ ತಂತಿ ಫ್ರೆಟ್ಟಿಗೆ ಬಡಿಯುತ್ತಿದ್ದರೆ ವಾಲು ಈಗಾಗಲೇ ಜಾಸ್ತಿ. ಒಳಗೆ ಶಿಮ್ ಇದೆಯಾ ನೋಡಿ ತೆಗೆಯಿರಿ. ಸ್ಯಾಡಲ್ ಎತ್ತರ ನಡುವೆ ಎಲ್ಲೋ ಇದ್ದು ಅಳತೆ ಸಿಕ್ಕರೆ ವಾಲು ಸರಿ ಇದೆ, ಕೈ ಹಾಕಬೇಡಿ.

ಹಿಂದಕ್ಕೆ ವಾಲಿಸಲು ಶಿಮ್ ಇಡಬೇಕಾದದ್ದು ಪಾಕೆಟ್ಟಿನ ಒಳತುದಿಗೆ, ಪಿಕಪ್ ಕಡೆಗೆ. ತುಟಿಯ ಕಡೆ ಇಟ್ಟರೆ ಉಲ್ಟಾ ಆಗುತ್ತದೆ. ಲೆಕ್ಕ ಹೀಗಿದೆ. ಪಾಕೆಟ್ ಸುಮಾರು 75 ಮಿ.ಮೀ. ಉದ್ದ ಅಂತ ಇಟ್ಟುಕೊಳ್ಳಿ. ಒಳತುದಿಗೆ 0.3 ಮಿ.ಮೀ. ಕಾರ್ಡ್ ಇಟ್ಟರೆ ನೆಕ್ ಹತ್ತಿರ ಹತ್ತಿರ ಕಾಲು ಡಿಗ್ರಿ ವಾಲುತ್ತದೆ. ಅಷ್ಟಕ್ಕೇ ಸ್ಯಾಡಲ್‌ಗಳನ್ನು 1 ಮಿ.ಮೀ. ಮೇಲೆತ್ತಬೇಕಾಗುತ್ತದೆ. ಒಂದು ಕಾರ್ಡಿಗೆ ಇಷ್ಟು ಬದಲಾವಣೆ. ಅದಕ್ಕೇ ಎರಡು ಮೂರು ಕಾರ್ಡ್ ಮಡಚಿ ತುರುಕಬೇಡಿ.

ಕಾರ್ಡ್ ತುಂಡನ್ನು ಪರೀಕ್ಷೆಗೆ ಬಳಸಿ, ಶಾಶ್ವತಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡ್ ಒಂದು ತುದಿಯಲ್ಲಿ, ನೆಕ್ಕಿನ ಇನ್ನೊಂದು ತುದಿ ತುಟಿಯ ಮೇಲೆ, ನಡುವೆ ಖಾಲಿ. ಎಷ್ಟೋ ಗಿಟಾರುಗಳು ಹೀಗೇ ವರ್ಷಗಟ್ಟಲೆ ಚೆನ್ನಾಗಿ ನುಡಿದಿವೆ, ಅದು ಸುಳ್ಳಲ್ಲ. ಆದರೆ ಇಡೀ ಪಾಕೆಟ್ಟನ್ನು ತುಂಬುವ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುವ ಮರದ ಶಿಮ್ ಕಾಲು, ಅರ್ಧ, ಒಂದು ಡಿಗ್ರಿಯಲ್ಲಿ ಸಿಗುವಾಗ, ತಳ ಪೂರ್ತಿ ಕಚ್ಚಿಕೊಳ್ಳುವಾಗ, ಅರ್ಧಂಬರ್ಧ ಯಾಕೆ? ಕೆಲವು ಗಿಟಾರುಗಳಲ್ಲಿ ಹಿಂದಿನ ಪ್ಲೇಟಿನಲ್ಲಿ ಇನ್ನೊಂದು ಸಣ್ಣ ತೂತು, ಒಳಗೆ ಆಲನ್ ಕೀ ಸ್ಕ್ರೂ ಇರುತ್ತದೆ. ಅದು ವಾಲು ಹೊಂದಿಸಲಿಕ್ಕೇ ಇರುವುದು. ಅಂಥದಕ್ಕೆ ಶಿಮ್ ಬೇಕಿಲ್ಲ, ಪ್ಲೇಟಿನ ಸ್ಕ್ರೂ ಸಡಿಲಿಸಿ ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸಾಕು.

ವಾಲು ಸರಿ ಇದ್ದೂ 15ನೇ ಫ್ರೆಟ್ ದಾಟಿದ ಮೇಲೆ ಮಾತ್ರ ಎಲ್ಲ ಕಡೆ ಬಝ್ (ತಂತಿ ಫ್ರೆಟ್ಟಿಗೆ ತಾಗುವ ಸದ್ದು) ಬರುತ್ತಿದ್ದರೆ 12ನೇ ಫ್ರೆಟ್ಟಿನಿಂದ ಕೊನೆಯವರೆಗೆ ಫ್ರೆಟ್‌ಗಳ ಮೇಲೆ ಸ್ಟೀಲ್ ಸ್ಕೇಲ್ ಇಡಿ. ಕೊನೆಯ ಫ್ರೆಟ್‌ಗಳು ಮೇಲೆದ್ದು ಸ್ಕೇಲ್ ತೂಗಾಡಿದರೆ ನೆಕ್ಕಿನ ತುದಿ ಮೇಲಕ್ಕೆ ಬಾಗಿದೆ. ಒಳಗೆ ಶಿಮ್ ಇದ್ದರೆ ತೆಗೆದು ನೋಡಿ, ಹೋಗದಿದ್ದರೆ ಹೊಸ ಗಿಟಾರಿಗೆ ಫ್ರೆಟ್ ಅರೆಸುವುದು ಬೇಡ, ವಾಪಸ್ ಕೊಡಿ.

ಬಿರುಕು

ಪಾಕೆಟ್ಟಿನ ಮೂಲೆಯಿಂದ ಬಾಡಿಯ ಕಡೆ ಹೊರಟ ಕೂದಲಿನಂಥ ಗೆರೆ ಹೆಚ್ಚಾಗಿ ಬಣ್ಣದ್ದೇ. ಮೇಲಿನ ದಪ್ಪ ಪದರ ಬಿಗಿಯಾದ ನೆಕ್ಕಿನ ಒತ್ತಡಕ್ಕೆ ಸೀಳಿರುತ್ತದೆ. ಮರವೇ ಸೀಳಿದೆಯಾ ಅಂತ ತಿಳಿಯಲು ತಂತಿ ಪೂರ್ತಿ ಸಡಿಲಿಸಿ ಒಮ್ಮೆ, ಶ್ರುತಿಗೆ ತಂದು ಒಮ್ಮೆ ಗೆರೆಯನ್ನು ನೋಡಿ. ಎಳೆತ ಬಂದಾಗ ಗೆರೆ ಅಗಲವಾದರೆ ಅದು ಮರದ ಬಿರುಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೂ ಅನುಮಾನ ಪಡಿ. ಇಂಥದ್ದನ್ನು ನೀವೇ ಅಂಟು ಹಾಕಿ ಸರಿಮಾಡಲು ಹೋಗಬೇಡಿ. ಫೋಟೊ, ವೀಡಿಯೊ ತೆಗೆದು ಅವತ್ತೇ ಅಂಗಡಿಗೆ ಕಳಿಸಿ.

ಲೆಸ್ ಪಾಲ್ ಥರ ಅಂಟಿಸಿದ ನೆಕ್ ಆಗಿದ್ದರೆ ಹೊಂದಿಸಲು ಏನೂ ಇಲ್ಲ. ಸೇರುವ ಜಾಗದಲ್ಲಿ ಸುತ್ತಲೂ ಗೆರೆ ತೆರೆದಿದೆಯಾ ನೋಡಿ, ಬ್ರಿಡ್ಜ್ ಬಾಡಿಗೆ ತಾಗುವಷ್ಟು ಇಳಿಸಿದರೂ ತಂತಿ ಎತ್ತರ ಇದೆಯಾ ನೋಡಿ. ಎರಡರಲ್ಲಿ ಯಾವುದಿದ್ದರೂ ಇಟ್ಟುಕೊಳ್ಳಬೇಡಿ.

ನೆಕ್ ಸರಿಸಿದ್ದರೆ ಅಥವಾ ಶಿಮ್ ಇಟ್ಟಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ಸ್ಯಾಡಲ್ ಎತ್ತರ ಬದಲಾದ ಮೇಲೆ ಪಿಕಪ್‌ಗಳ ಎತ್ತರವನ್ನೂ ತಂತಿಗೆ ತಕ್ಕಂತೆ ಏರಿಸಿ ಇಳಿಸಿ. ಆಮೇಲೆ ಪ್ರತಿ ತಂತಿಯನ್ನೂ 12ನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ ಆಗಿ (ಒತ್ತದೆ ಬೆರಳು ಸುಮ್ಮನೆ ತಾಗಿಸಿ) ಮೀಟಿ, ಒತ್ತಿ ಮೀಟಿ, ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ (ನೆಕ್ಕಿನಿಂದ ದೂರ), ಕೆಳಗಿದ್ದರೆ ಮುಂದಕ್ಕೆ.